ಕೌಂಟಿ ಫೇರ್‌ಗೆ ತರಕಾರಿ ಇಡೋರಿಗೆ: ಬೀಜ ಹಾಕೋದ್ರಿಂದ ಹಿಡಿದು ಪ್ಲೇಟ್ ಜೋಡಿಸೋವರೆಗೂ

ಕೌಂಟಿ ಫೇರ್ ಅಂದ್ರೆ ಇಲ್ಲಿ ಅಮೆರಿಕದಲ್ಲಿ ಜಿಲ್ಲೆ ಮಟ್ಟದ ಜಾತ್ರೆ, ಅಲ್ಲಿ ಮನೇಲಿ ಬೆಳೆದ ತರಕಾರಿಗೆ ಸ್ಪರ್ಧೆ ಇರುತ್ತೆ, ಗೆದ್ದೋರಿಗೆ ರಿಬ್ಬನ್, ಬ್ಲೂ ಮೊದಲ್ನೇದು, ಬಿಳಿ ಮೂರನೇದು. ಪ್ರತಿ ವರ್ಷ ಆಗಸ್ಟ್ ಬಂತು ಅಂದ್ರೆ ನಂಗೆ ಒಂದೇ ಥರದ ಫೋನು. "ಅಷ್ಟು ದಪ್ಪ ಟೊಮೇಟೊ ಇಟ್ಟಿದ್ದೆ ಕಣ್ರೀ, ಬಿಳೀ ರಿಬ್ಬನ್ನೂ ಬರ್ಲಿಲ್ಲ, ಪಕ್ಕದಲ್ಲಿ ಯಾರೋ ಅಜ್ಜಿ ಸಣ್ಣ ಸಣ್ಣವು ಐದು ಇಟ್ಟಿದ್ರು, ಅವ್ರಿಗೆ ಬ್ಲೂ ಕೊಟ್ಟಿದ್ದಾರೆ, ಇದ್ಯಾವ ನ್ಯಾಯ?" ನ್ಯಾಯ ಸರಿಯಾಗೇ ಇದೆ. ಇಲ್ಲಿ ನ್ಯೂಜೆರ್ಸಿ ಕಡೆ ನಮ್ಮ ಕನ್ನಡದವ್ರು ಹಿತ್ತಲಲ್ಲಿ ಬೆಳೆಯೋದ್ರಲ್ಲಿ ಯಾರಿಗೂ ಕಮ್ಮಿ ಇಲ್ಲ, ಹೀರೆಕಾಯಿ ಚಪ್ಪರ ನೋಡಿ ಪಕ್ಕದ ಮನೆಯವ್ರು ಫೋಟೋ ತೆಗೆದುಕೊಂಡು ಹೋಗ್ತಾರೆ. ಆದ್ರೆ ಫೇರ್ ಟೇಬಲ್ ಮೇಲೆ ಹೋದ ತಕ್ಷಣ ಸೋಲ್ತೀವಿ, ಯಾಕಂದ್ರೆ ಅಲ್ಲಿ ಯಾರ ತರಕಾರಿ ದೊಡ್ಡದು ಅಂತ ಯಾರೂ ಕೇಳ್ತಾ ಇಲ್ಲ. ಫೇರ್‌ನ ನಿಯಮದ ಪುಸ್ತಕದಲ್ಲಿ ಹೇಳಿದಷ್ಟೇ ಕಾಯಿ, ಎಲ್ಲಾ ಒಂದೇ ಸೈಜು, ಒಂದೇ ಬಣ್ಣ, ಒಂದೇ ಬಲಿತ, ಮೈ ಮೇಲೆ ಕಲೆ ಇಲ್ಲ, ಅಷ್ಟೇ ಜಡ್ಜ್ ನೋಡೋದು. ಪ್ಲೇಟಲ್ಲಿ ಪಂಚಪಾಂಡವರು ಬೇಡ, ಭೀಮ ಒಂದು ಕಡೆ ಅರ್ಜುನ ಒಂದು ಕಡೆ ಇದ್ರೆ ಆಗಲ್ಲ, ಐದೂ ನಕುಲ ಸಹದೇವರೇ ಆಗಿರ್ಬೇಕು.

ಫೋನಲ್ಲಿ ಇದನ್ನೇ ಹೇಳಿ ಹೇಳಿ ಸಾಕಾಗಿದೆ, ಹಂಗಾಗಿ ಒಂದ್ಸಲ ಪೂರ್ತಿ ಬರೀತಿದ್ದೀನಿ. ಕೆಳಗಿನ ತಾರೀಕೆಲ್ಲ ಮಧ್ಯ ನ್ಯೂಜೆರ್ಸಿ ಹವೆಗೆ, ಆಗಸ್ಟ್ ಮೊದಲ ವಾರದ ಫೇರ್ ಅಂತ ಲೆಕ್ಕ. ನಿಮ್ಮೂರು ಬೇರೆ ಆದ್ರೆ ತಾರೀಕು ಬದಲಾಗುತ್ತೆ, ಕ್ರಮ ಬದಲಾಗಲ್ಲ.

1. ಮೊದ್ಲು ಪುಸ್ತಕ, ಆಮೇಲೆ ಬೀಜ

ಫೇರ್‌ನವ್ರು ವರ್ಷಾ ವರ್ಷಾ ಒಂದು ಪುಸ್ತಕ ಬಿಡ್ತಾರೆ, ಕೆಲವು ಕಡೆ ಪ್ರೀಮಿಯಂ ಬುಕ್, ಕೆಲವು ಕಡೆ ಎಕ್ಸಿಬಿಟರ್ ಹ್ಯಾಂಡ್‌ಬುಕ್ ಅಂತಾರೆ. ಪ್ರೀಮಿಯಂ ಅಂದ್ರೆ ಇನ್ಶೂರೆನ್ಸ್ ಕಂತಲ್ಲ, ಬಹುಮಾನದ ದುಡ್ಡು, ಅದೂ ಹೆಚ್ಚಂದ್ರೆ ಒಂದೆರಡು ಕಾಫಿಗೆ ಆಗೋಷ್ಟು. ಈ ವರ್ಷದ ಪುಸ್ತಕ ಇನ್ನೂ ಬಂದಿಲ್ಲ ಅಂದ್ರೆ ಹೋದ ವರ್ಷದ್ದು ನೋಡಿ ಪ್ಲಾನ್ ಮಾಡಿ, ಹೊಸದು ಬಂದ್ಮೇಲೆ ಮತ್ತೆ ಸರಿ ನೋಡ್ಕೊಳ್ಳಿ, ಯಾಕಂದ್ರೆ ಕ್ಲಾಸ್ (ಒಂದೊಂದು ಥರದ ತರಕಾರಿಗೆ ಒಂದೊಂದು ಸ್ಪರ್ಧೆ) ನಂಬರ್ರು, ಕಾಯಿ ಲೆಕ್ಕ ಬದಲಾಗಿರ್ಬಹುದು.

ಅದ್ರಲ್ಲಿ ಹುಡುಕ್ಬೇಕಾದ್ದು: ಹೆಸ್ರು ನೋಂದಾಯಿಸೋ ಕೊನೇ ದಿನ (ಎಷ್ಟೋ ಕಡೆ ತರಕಾರಿ ತಗೊಂಡು ಹೋಗೋ ದಿನಕ್ಕಿಂತ ವಾರಗಟ್ಟಲೆ ಮುಂಚೆನೇ ಮುಗಿದಿರುತ್ತೆ, ಜನ ಎಡವೋದು ಇಲ್ಲೇ), ತರಕಾರಿ ಒಪ್ಪಿಸೋ ಗಂಟೆ, ಪ್ರತಿ ಕ್ಲಾಸಿಗೆ ಎಷ್ಟು ಕಾಯಿ, ತೊಟ್ಟು ಇರ್ಬೇಕಾ ಬೇಡ್ವಾ, ಸೈಜಿಗೆ ಮಿತಿ ಇದ್ಯಾ, ಒಬ್ರು ಒಂದು ಕ್ಲಾಸಿಗೆ ಎಷ್ಟು ಪ್ಲೇಟ್ ಇಡ್ಬಹುದು, ವಾಪಸ್ ತಗೊಳ್ಳೋ ದಿನ ಯಾವ್ದು. ದೊಡ್ಡವ್ರಿಗೆ ಓಪನ್ ಕ್ಲಾಸ್ ಅನ್ನೋ ವಿಭಾಗ. ಮಕ್ಕಳಿಗೆ ಫೋರ್-ಎಚ್ (ಇಲ್ಲಿನ ಮಕ್ಕಳ ಕ್ಲಬ್) ಅಥವಾ ಯೂತ್ ವಿಭಾಗ ಬೇರೆ ಇರುತ್ತೆ, ಮಗಳು ಬೆಳೆದಿದ್ದನ್ನ ಅಮ್ಮನ ಹೆಸ್ರಲ್ಲಿ ಇಡೋಂಗಿಲ್ಲ, ಅಮ್ಮ ಬೆಳೆದಿದ್ದನ್ನ ಮಗಳ ಹೆಸ್ರಲ್ಲಂತೂ ಇಡ್ಲೇಬಾರ್ದು. ಮಗೂನ ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳೋ ಜಡ್ಜ್‌ಗಳಿದ್ದಾರೆ, ಮಗು ಪಾಪ ತಬ್ಬಿಬ್ಬಾಗುತ್ತೆ.

ನನ್ನ ಮೊದಲ್ನೇ ವರ್ಷದ ಕಥೆ ಕೇಳಿ. ಪುಸ್ತಕದಲ್ಲಿ ಟೊಮೇಟೊ 5 ಅಂತ ಇತ್ತು. ನಾನು ಆರು ಇಟ್ಟೆ. ಒಂದು ಜಾಸ್ತಿ ಇದ್ರೆ ಯಾರಿಗೇನು ನಷ್ಟ, ತರಕಾರಿಯವ್ನು ಕೊಸರು ಹಾಕಲ್ವಾ, ಹಂಗೇ ಅಂದ್ಕೊಂಡೆ. ಸಾಯಂಕಾಲ ಹೋಗಿ ನೋಡಿದ್ರೆ ಪ್ಲೇಟ್ ಜೊತೆ ಇಡೋ ಚೀಟಿ ಮೇಲೆ ಪೆನ್ಸಿಲಲ್ಲಿ 6 ಅಂತ ಬರೆದು ಸುತ್ತ ಒಂದು ಸೊನ್ನೆ ಎಳೆದಿದ್ರು. ಅಷ್ಟೇ. ಮುಟ್ಟಿ ಕೂಡ ನೋಡಿರ್ಲಿಲ್ಲ. ಇಲ್ಲಿ ಕೊಸರು ನಡೆಯಲ್ಲ.

2. ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ನಾವು ಮಾಡೋದು ಏನಂದ್ರೆ ಚಳಿ ಹೋಯ್ತು ಅಂದ ತಕ್ಷಣ ಎಲ್ಲಾ ಒಟ್ಟಿಗೆ ಹಾಕ್ಬಿಡೋದು, ಜುಲೈ ಮಧ್ಯಕ್ಕೆ ಬೀನ್ಸ್ ಸುರಿಯುತ್ತೆ, ಫೇರ್ ಹೊತ್ತಿಗೆ ಗಿಡ ಒಣಗಿ ನಿಂತಿರುತ್ತೆ. ಫೇರ್‌ಗೆ ಅಂದ್ರೆ ಒಪ್ಪಿಸೋ ದಿನದಿಂದ ಹಿಂದಕ್ಕೆ ಎಣಿಸ್ಬೇಕು.

ಬೀಜದ ಪ್ಯಾಕೆಟ್ ಮೇಲೆ 55 ಡೇಸ್, 75 ಡೇಸ್ ಅಂತ ಇರುತ್ತಲ್ಲ, ಅದು ಎಲ್ಲಾ ತರಕಾರಿಗೂ ಒಂದೇ ಅರ್ಥ ಅಲ್ಲ. ಬೀನ್ಸ್, ಸೌತೆ, ಬೆಂಡೆ ಇವಕ್ಕೆ ಬೀಜ ಊರಿದ ದಿನದಿಂದ ಲೆಕ್ಕ. ಟೊಮೇಟೊ, ಬದನೆ, ಮೆಣಸಿನಕಾಯಿಗೆ ಸಸಿನ ನೆಲಕ್ಕೆ ನಾಟಿ ಮಾಡಿದ ದಿನದಿಂದ ಲೆಕ್ಕ, ಮನೆ ಒಳಗೆ ಸಸಿ ಬೆಳೆಸೋ ವಾರಗಳು ಅದಕ್ಕೆ ಮೊದ್ಲು. ಇದೊಂದು ಗೊತ್ತಿಲ್ದೆ ಎಷ್ಟೋ ಜನ ಏಪ್ರಿಲ್ ಕೊನೇಲಿ ಟೊಮೇಟೊ ಬೀಜ ಹಾಕಿ ಆಗಸ್ಟಲ್ಲಿ ಹಸಿರು ಕಾಯಿ ನೋಡ್ತಾ ಕೂತಿರ್ತಾರೆ.

ಒಪ್ಪಿಸೋ ದಿನ ಆಗಸ್ಟ್ 5 ಅಂತ ಇಟ್ಕೊಳ್ಳಿ. ಬದನೆ, ಮೆಣಸಿನಕಾಯಿ ಬೀಜ ಮಾರ್ಚ್ ಮೊದಲ ಅಥವಾ ಎರಡನೇ ವಾರ ಮನೆ ಒಳಗೆ, ಟೊಮೇಟೊ ಮಾರ್ಚ್ ಕೊನೇಲಿ. ಟೊಮೇಟೊ ಸಸಿ ಮೇ ಮಧ್ಯದಲ್ಲಿ ನೆಲಕ್ಕೆ, ಬದನೆಗೆ ಇನ್ನೊಂದು ವಾರ ಕಾಯಿರಿ, ಅದಕ್ಕೆ ತಣ್ಣಗಿನ ಮಣ್ಣು ಕಂಡ್ರೆ ಆಗಲ್ಲ, ಮುರುಟಿಕೊಂಡು ಕೂತ್ಬಿಡುತ್ತೆ. 75 ದಿನದ ಟೊಮೇಟೊ ಹಂಗೆ ಜುಲೈ ಕೊನೇ ವಾರಕ್ಕೆ ಶುರುವಾಗುತ್ತೆ, ಫೇರ್ ಹೊತ್ತಿಗೆ ಆರಿಸೋಷ್ಟು ಇರುತ್ತೆ. ಪೊದೆ ಬೀನ್ಸ್ ಒಂದೇ ಸಲ ಬೇಡ, ಮೇ 28, ಜೂನ್ 5, ಜೂನ್ 12 ಹೀಗೆ ಮೂರು ಸಾಲು ಮೂರು ಸಲ, ಮೊದಲ ಎರಡು ಕುಯ್ಲಿನ ಕಾಯಿ ಮಾತ್ರ ನೆಟ್ಟಗೆ ಚೆನ್ನಾಗಿರೋದು, ಆಮೇಲೆ ಬರೋದು ಕೊಕ್ಕೆ ಕೊಕ್ಕೆ. ಸೌತೆನೂ ಮೇ ಕೊನೆಗೆ ಒಂದ್ಸಲ, ಜೂನ್ 5ರ ಹತ್ರ ಇನ್ನೊಂದ್ಸಲ. ಬೆಂಡೆ ಮೇ ಕೊನೇಲಿ ಹಾಕಿದ್ರೆ ಸಾಕು, ಅದು ಜುಲೈ ಕೊನೆಯಿಂದ ದಿನಾ ಬಿಡ್ತಾನೇ ಇರುತ್ತೆ.

ಬೇರೆ ಊರಿನವ್ರು ಇದೇ ತಾರೀಕು ಎತ್ಕೋಬೇಡಿ. ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿ ನಡೆಯೋ ಅಲಮೇಡಾ ಕೌಂಟಿ ಫೇರ್ ಜೂನ್ ಜುಲೈನಲ್ಲೇ ಬರುತ್ತೆ, ಅಲ್ಲಿ ದೊಡ್ಡ ಟೊಮೇಟೊ ನಂಬಿಕೊಂಡ್ರೆ ಕಷ್ಟ, ಬೆಳ್ಳುಳ್ಳಿ, ಈರುಳ್ಳಿ, ಝುಕಿನಿ ಕಡೆ ನೋಡೋದು ವಾಸಿ. ಮ್ಯಾಸಚೂಸೆಟ್ಸ್‌ನ ಟಾಪ್ಸ್‌ಫೀಲ್ಡ್ ಫೇರ್ ಅಕ್ಟೋಬರಲ್ಲಿ, ಅಲ್ಲಿಗೆ ಕುಂಬಳಕಾಯಿ, ಈರುಳ್ಳಿ, ಆಲೂಗಡ್ಡೆ ಸರಿ.

ಇನ್ನು ಅವರೆಕಾಯಿ. ಎಲ್ರೂ ಕೇಳ್ತಾರೆ. ಅದು ಹಗಲು ಚಿಕ್ಕದಾದ್ಮೇಲೆ ಹೂ ಬಿಡೋ ಬಳ್ಳಿ, ಊರಲ್ಲಿ ಸಂಕ್ರಾಂತಿ ಹೊತ್ತಿಗೆ ಸೊಗಡು ಬರೋದೂ ಅದಕ್ಕೇ. ನಮ್ಮ ನಾಟಿ ಅವರೆ ಇಲ್ಲಿ ಬೇಸಿಗೆ ಪೂರ್ತಿ ಬೇಲಿ ಹತ್ತಿ ಎಲೆ ಮಾಡ್ಕೊಂಡು ಕೂತಿರುತ್ತೆ, ಸೆಪ್ಟೆಂಬರಲ್ಲಿ ಹೂ ಬಿಡುತ್ತೆ, ಎಷ್ಟು ಗೊಬ್ಬರ ಹಾಕಿದ್ರೂ ಆಗಸ್ಟ್ ಫೇರ್‌ಗೆ ಬರಲ್ಲ. ಆಸೆ ಬಿಡಿ.

3. ಯಾವ ತಳಿ, ಎಷ್ಟು ಗಿಡ

ನಮ್ಮವ್ರು ಮಾಡೋ ತಪ್ಪುಗಳಲ್ಲಿ ಇದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಎಂಟು ಥರದ ಟೊಮೇಟೊ, ಒಂದೊಂದು ಗಿಡ. ಮನೆ ಊಟಕ್ಕೆ ಚೆಂದ. ಪ್ಲೇಟಿಗೆ ಒಂದೇ ತಳಿಯ ಐದು ಬೇಕು, ಅದೂ ಒಂದೇ ದಿನ ಒಂದೇ ಹದಕ್ಕೆ ಬಂದಿರೋ ಐದು. ಐದು ಆರಿಸ್ಬೇಕಂದ್ರೆ ಕಣ್ಮುಂದೆ ಇಪ್ಪತ್ತು ಇರ್ಬೇಕು. ಇಪ್ಪತ್ತು ಇರ್ಬೇಕಂದ್ರೆ ಅದೇ ತಳಿಯ ನಾಲ್ಕರಿಂದ ಆರು ಗಿಡ ಬೇಕು. ಎರಡು ಗಿಡ ಹಾಕಿ ಚೆರಿ ಟೊಮೇಟೊಗೆ ಹೋದ್ರೂ ನಡೆಯುತ್ತೆ, ಅದರಲ್ಲಿ ಕಾಯಿಗೆ ಬರ ಇಲ್ಲ, ಮೊದಲ ಸಲ ಇಡೋರಿಗೆ ನಾನು ಅದನ್ನೇ ಹೇಳೋದು.

ಏರ್‌ಲೂಮ್ (ಹಳೇ ಕಾಲದ) ತಳಿ ಬ್ರಾಂಡಿವೈನ್ ಥರದ್ದು ರುಚಿಗೆ ಸರಿಸಾಟಿ ಇಲ್ಲ, ಆದ್ರೆ ಹೆಗಲು ಒಡೆಯುತ್ತೆ, ಒಂದೊಂದು ಒಂದೊಂದು ಆಕಾರ. ಸೆಲೆಬ್ರಿಟಿ ಅನ್ನೋ ಹೈಬ್ರಿಡ್ ದುಂಡಗೆ ಒಂದೇ ಥರ ಬರುತ್ತೆ. ನ್ಯೂಜೆರ್ಸಿಯದ್ದೇ ಬೇಕು ಅಂದ್ರೆ 1934ರಲ್ಲಿ ಬಂದ ರಟ್ಗರ್ಸ್ ಇದೆ. ಬೀನ್ಸಿಗೆ ಬ್ಲೂ ಲೇಕ್ ಅಥವಾ ಪ್ರೊವೈಡರ್, ಸೌತೆಗೆ ಮಾರ್ಕೆಟ್‌ಮೋರ್, ಬೆಂಡೆಗೆ ಕ್ಲೆಮ್ಸನ್ ಸ್ಪೈನ್‌ಲೆಸ್, ಉದ್ದ ಬದನೆಗೆ ಇಚಿಬಾನ್. ಯಾವ್ದೇ ಹಾಕಿ, ಹೆಸ್ರು ಬರೆದಿಟ್ಕೊಳ್ಳಿ, ಚೀಟಿಯಲ್ಲಿ ತಳಿ ಹೆಸ್ರು ಕೇಳ್ತಾರೆ, "ಪಕ್ಕದ ಮನೆ ಸಸಿ" ಅಂತ ಬರೆಯೋಕಾಗಲ್ಲ.

ಊರಿಂದ ಬೀಜ ಸೂಟ್‌ಕೇಸಲ್ಲಿ ತರೋ ವಿಚಾರ: ಅದಕ್ಕೆ ಸಸ್ಯ ಆರೋಗ್ಯದ ಸರ್ಟಿಫಿಕೇಟೋ ಪರ್ಮಿಟ್ಟೋ ಬೇಕು, ಸುಮ್ನೆ ಡಬ್ಬೀಲಿ ಸಾಸಿವೆ ಜೊತೆ ಕಟ್ಟಿ ತರೋಂಗಿಲ್ಲ. ಹಾಗಲ, ಹೀರೆ, ಪಡವಲ ಎಲ್ಲಾ ಇಲ್ಲೇ ಬೀಜದ ಕಂಪನಿಗಳಲ್ಲಿ ಸಿಗುತ್ತೆ. ಇವನ್ನ ಫೇರ್‌ನಲ್ಲಿ ಇಡೋದು ಸಾಮಾನ್ಯವಾಗಿ "ಬೇರೆ ಯಾವುದೇ ತರಕಾರಿ" ಅನ್ನೋ ಕ್ಲಾಸಿಗೆ. ಅಲ್ಲಿ ಸ್ಪರ್ಧೆ ಕಮ್ಮಿ, ಆದ್ರೆ ಜಡ್ಜ್‌ಗೆ ಎಳೆ ಹಾಗಲ ಯಾವ್ದು, ಬಲಿತಿದ್ದು ಯಾವ್ದು ಗೊತ್ತಿರ್ಬೇಕಂತಿಲ್ಲ. ಚೀಟೀಲಿ ಇಂಗ್ಲಿಷ್ ಹೆಸ್ರು ಬರೆದು, ಅವಕಾಶ ಇದ್ರೆ ಪಕ್ಕ ಒಂದು ಸಣ್ಣ ಕಾರ್ಡಲ್ಲಿ "ಹಸಿರಾಗಿ ಎಳೇದಿದ್ದಾಗ ತಿನ್ನೋದು, ಮುಳ್ಳು ಮುಳ್ಳಾಗಿರೋದು ಇದರ ಸ್ವಭಾವ" ಅಂತ ಒಂದು ಸಾಲು ಹಾಕಿ.

4. ಮನೇಲಿ ಇಟ್ಕೋಬೇಕಾದ ಸಾಮಾನು

ದೊಡ್ಡದೇನಿಲ್ಲ. ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ, ಸ್ಟೀಲ್ ಸ್ಕೇಲು, ಟೈಲರ್ ಟೇಪು. ಚೂಪಾಗಿರೋ ಸಣ್ಣ ಕತ್ತರಿ, ಕೈಯಲ್ಲಿ ಎಳೆದು ಕೀಳೋ ಅಭ್ಯಾಸ ಇವತ್ತೇ ಬಿಡಿ. ಮೆತ್ತಗಿನ ಪೇಂಟ್ ಬ್ರಷ್ ಒಂದು, ಹಳೇ ಪಂಚೆ ಬಟ್ಟೆ ತುಂಡು (ಟರ್ಕಿ ಟವಲ್ ಬೇಡ, ಗೀರು ಬೀಳುತ್ತೆ), ಮೊಟ್ಟೆ ಟ್ರೇ, ಟಿಶ್ಯೂ ಪೇಪರ್, ಬಿಳೀ ಪೇಪರ್ ಪ್ಲೇಟು, ನೀರಿಗೆ ಅಳಿಸದ ಪೆನ್ನು, ಬಣ್ಣದ ಉಲ್ಲನ್ ದಾರ. ಆಮೇಲೆ ಅರಿಶಿನ ಕುಂಕುಮಕ್ಕೆ ಕರೆದಾಗ ಕೊಡ್ತಾರಲ್ಲ ಆ ಬಲೆ ಬಟ್ಟೆ ಚೀಲಗಳು, ಎಸೀಬೇಡಿ, ಮುಂದೆ ಹೇಳ್ತೀನಿ.

5. ಗಿಡದ ಮೇಲೆ ಇರುವಾಗಲೇ ಕಾಯೋದು

ಮಣ್ಣು ಪರೀಕ್ಷೆ ಒಂದ್ಸಲ ಮಾಡ್ಸಿ, ಎಷ್ಟೋ ರಾಜ್ಯಗಳಲ್ಲಿ ಯೂನಿವರ್ಸಿಟಿ ಎಕ್ಸ್‌ಟೆನ್ಷನ್‌ನವ್ರ (ಬೆಳೆಯೋರಿಗೆ ಸಲಹೆ ಕೊಡೋ ವಿಭಾಗ) ಮೂಲಕ ಮಾಡಿಸ್ಬಹುದು. ಪಿಎಚ್ 6.0ರಿಂದ 6.8ರ ಒಳಗಿದ್ರೆ ತರಕಾರಿಗೆ ಸರಿ. ಸಾರಜನಕದ ಗೊಬ್ಬರ ಜಾಸ್ತಿ ಸುರಿದ್ರೆ ಗಿಡ ಕಾಡಾಗುತ್ತೆ, ಕಾಯಿ ತಡವಾಗುತ್ತೆ.

ನೀರು. ವಾರಕ್ಕೆ ಒಂದು ಇಂಚು, ಮಳೆ ಸೇರಿಸಿ, ಅದೂ ಎರಡು ಮೂರು ಸಲ ಹಂಚಿ, ಬುಡಕ್ಕೆ. ನಾಲ್ಕು ದಿನ ಒಣಗಿಸಿ ಐದನೇ ದಿನ ಪೈಪ್ ಹಿಡಿದು ಕೆರೆ ಮಾಡಿದ್ರೆ ಟೊಮೇಟೊ ಸಿಪ್ಪೆ ಸೀಳುತ್ತೆ, ಕೆಳಗಡೆ ಕಪ್ಪಗೆ ಚರ್ಮದ ಥರ ಆಗುತ್ತೆ. ಆ ಕಪ್ಪು ರೋಗ ಅಲ್ಲ, ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ತಲುಪದೇ ಇದ್ದಾಗ ಆಗೋದು, ಮೊಟ್ಟೆ ಸಿಪ್ಪೆ ಬುಡಕ್ಕೆ ಹಾಕಿ ಕಾಯ್ತಾ ಕೂತ್ರೆ ಈ ಸೀಸನ್‌ಗೆ ಏನೂ ಆಗಲ್ಲ, ಬುಡಕ್ಕೆ ಎರಡು ಮೂರು ಇಂಚು ಒಣಹುಲ್ಲು ಹೊದಿಸಿ ತೇವ ಸಮ ಇರೋ ಹಂಗೆ ನೋಡ್ಕೊಳ್ಳಿ.

ಈಗ ದಾರ. ಟೊಮೇಟೊ ಹೂವಿಂದ ಹಣ್ಣಾಗೋಕೆ ಹೆಚ್ಚು ಕಮ್ಮಿ 45ರಿಂದ 60 ದಿನ, ಅಂದ್ರೆ ಆಗಸ್ಟ್ 5ಕ್ಕೆ ಬೇಕಾದ ಹಣ್ಣು ಜೂನ್ ಎರಡನೇ ಮೂರನೇ ವಾರದಲ್ಲಿ ಹೂವಾಗಿದ್ದು. ಆ ವಾರ ಕಾಯಿ ಕಚ್ಚಿದ ಗೊಂಚಲಿಗೆ ಕೆಂಪು ಉಲ್ಲನ್ ದಾರ ಕಟ್ಟಿ. ಒಂದು ಗೊಂಚಲಲ್ಲಿ ಮೂರು ನಾಲ್ಕು ಕಾಯಿ ಉಳಿಸಿ ವಕ್ರ ಇರೋದನ್ನ ಮಿಡಿ ಇದ್ದಾಗಲೇ ತೆಗೀರಿ, ಮನಸ್ಸು ಬರಲ್ಲ, ಆದ್ರೂ ತೆಗೀರಿ, ಚಟ್ನಿ ಮಾಡ್ಕೊಳ್ಳಿ. ದಾರ ಕಟ್ಟಿದ ಗೊಂಚಲಿನ ಹತ್ರದ ಎಲೆ ಮಾತ್ರ ಕೀಳ್ಬೇಡಿ, ನೆರಳು ಹೋದ್ರೆ ಬಿಸಿಲಿಗೆ ಹಣ್ಣಿನ ಒಂದು ಮಗ್ಗುಲು ಬೆಳ್ಳಗೆ ಬೆಂದು ಹೋಗುತ್ತೆ.

ಇಲ್ಲಿ ಒಂದು ಕಂದು ಬಣ್ಣದ ನಾತದ ಹುಳ ಇದೆ, ಸ್ಟಿಂಕ್ ಬಗ್, ಸೂಜಿ ಚುಚ್ಚಿ ರಸ ಹೀರುತ್ತೆ. ಚುಚ್ಚಿದ ಜಾಗ ಹಣ್ಣಾದ್ಮೇಲೆ ಹಳದಿ ಮಬ್ಬು ಚುಕ್ಕೆ ಆಗುತ್ತೆ, ಜಡ್ಜ್ ಕಣ್ಣಿಗೆ ಅದೇ ಮೊದ್ಲು ಬೀಳೋದು. ಅರಿಶಿನ ಕುಂಕುಮದ ಬಲೆ ಚೀಲ ಇದಕ್ಕೇ. ಕಾಯಿ ನಿಂಬೆಹಣ್ಣಿನ ಗಾತ್ರ ಆದಾಗ ದಾರ ಕಟ್ಟಿದ ಗೊಂಚಲಿಗೆ ಸಡಿಲವಾಗಿ ಚೀಲ ಹಾಕಿ ಗಂಟು ಬಿಗಿರಿ. ನನ್ನ ಗಿಡ ಆ ಹೊತ್ತಲ್ಲಿ ಮದುವೆ ಮನೆ ಥರ ಕಾಣುತ್ತೆ, ಗುಲಾಬಿ ಚೀಲ, ಚಿನ್ನದ ಜರಿ, ಪಕ್ಕದ ಮನೆ ಅಂಕಲ್ ಏನು ಪೂಜೆ ಅಂತ ಕೇಳಿದ್ರು.

ಬದನೆ ಎಲೆ ಮೇಲೆ ಸೂಜಿ ಮೊನೆ ತೂತು ನೂರಾರು ಕಂಡ್ರೆ ಚಿಗಟದ ಜೀರುಂಡೆ, ಸಸಿ ಚಿಕ್ಕದಿದ್ದಾಗಲೇ ತೆಳು ಬಟ್ಟೆ ಹೊದಿಸಿ, ಹೂ ಬಂದ್ಮೇಲೆ ತೆಗೀರಿ. ಗ್ರೌಂಡ್‌ಹಾಗ್ (ಬಿಲ ತೋಡೋ ದಪ್ಪ ಅಳಿಲಿನಂಥ ಪ್ರಾಣಿ) ಮತ್ತು ಜಿಂಕೆಗೆ ಬೇಲಿ ಬಿಟ್ರೆ ಉಪಾಯ ಇಲ್ಲ, ಫೇರ್ ಹಿಂದಿನ ರಾತ್ರಿಯೇ ಬರ್ತವೆ, ಅವಕ್ಕೂ ಪುಸ್ತಕ ಸಿಕ್ಕಿರುತ್ತೇನೋ. ಔಷಧಿ ಹೊಡೆದ್ರೆ ಬಾಟ್ಲಿ ಮೇಲೆ ಕುಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸ್ಬೇಕು ಅಂತ ಬರೆದಿರುತ್ತೆ, ಅದನ್ನ ಮೀರ್ಬೇಡಿ.

6. ಕೊನೇ ಐದು ದಿನ: ಯಾವ್ದು ಯಾವಾಗ ಕೀಳೋದು

ಎಲ್ಲಾನೂ ಒಂದೇ ಬೆಳಗ್ಗೆ ಕಿತ್ರೆ ಕೆಟ್ಟಿರಿ.

ಟೊಮೇಟೊನ ಗಿಡದಲ್ಲೇ ಪೂರ್ತಿ ಕೆಂಪಾಗೋಕೆ ಬಿಡ್ಬೇಡಿ. 85 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಕೆಂಪು ಬಣ್ಣ ಸರಿಯಾಗಿ ಕಟ್ಟಲ್ಲ, ಕಿತ್ತಳೆ ಕಿತ್ತಳೆ ಆಗಿ ಹೆಗಲು ಹಳದಿ ಉಳಿಯುತ್ತೆ. ದೋರೆಗಾಯಿ ಇದ್ದಾಗ, ಅಂದ್ರೆ ತಳದಲ್ಲಿ ಕೆಂಪು ಛಾಯೆ ತಿರುಗಿದಾಗ, ನಾಲ್ಕೈದು ದಿನ ಮುಂಚೆ ಕತ್ತರಿಯಲ್ಲಿ ಕತ್ತರಿಸಿ ಮನೆ ಒಳಗೆ 70 ಡಿಗ್ರಿ ಹತ್ರ, ಬಿಸಿಲು ಬೀಳದ ಕಡೆ, ತೊಟ್ಟಿನ ಭಾಗ ಕೆಳಗೆ ಮಾಡಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಫ್ರಿಜ್ಜಿಗೆ ಹಾಕೋ ಮಾತೇ ಇಲ್ಲ, ಅಲ್ಲಿ ಹಣ್ಣಾಗೋದು ನಿಂತೇ ಹೋಗುತ್ತೆ. ದಿನಾ ಬೆಳಗ್ಗೆ ಬಣ್ಣ ನೋಡ್ತಾ ಇರಿ, ಮುಂದೆ ಓಡ್ತಿರೋದನ್ನ ತಣ್ಣಗಿನ ಬೇಸ್‌ಮೆಂಟಿಗೆ, ಹಿಂದೆ ಬಿದ್ದಿರೋದನ್ನ ಅಡುಗೆಮನೆ ಕಟ್ಟೆಗೆ, ಹೀಗೆ ಜಾಗ ಬದಲಾಯಿಸಿ ಐದನ್ನೂ ಒಂದೇ ಹದಕ್ಕೆ ತರ್ಬಹುದು.

ಬೆಂಡೆ ಹೂ ಉದುರಿ ನಾಲ್ಕರಿಂದ ಆರು ದಿನಕ್ಕೆ ಮೂರು ಮೂರೂವರೆ ಇಂಚಾಗುತ್ತೆ, ಒಂದು ದಿನ ಜಾಸ್ತಿ ಆದ್ರೂ ನಾರು. ಒಪ್ಪಿಸೋಕೆ ಐದು ದಿನ ಮುಂಚೆ ಅರಳಿದ ಹೂವಿನ ಪಕ್ಕ ದಾರ ಕಟ್ಟಿ, ಉಳಿದ ಕಾಯಿ ಎಲ್ಲಾ ಕಿತ್ತು ಹುಳಿಗೆ ಹಾಕಿ. ಒಪ್ಪಿಸೋ ದಿನ ಬೆಳಗ್ಗೆ ಕುಯ್ದ್ರೆ ಉತ್ತಮ.

ಬೀನ್ಸ್ ಹಿಂದಿನ ದಿನ ಬೆಳಗ್ಗೆ, ಇಬ್ಬನಿ ಆರಿದ್ಮೇಲೆ. ಒದ್ದೆ ಎಲೆ ನಡುವೆ ಕೈ ಆಡಿಸಿದ್ರೆ ರೋಗ ಗಿಡದಿಂದ ಗಿಡಕ್ಕೆ ಹತ್ತುತ್ತೆ. ಸೌತೆನೂ ಹಿಂದಿನ ದಿನ, ಬಿಸಿಲೇರೋಕೆ ಮುಂಚೆ. ಬದನೆ, ಮೆಣಸಿನಕಾಯಿ ಹಿಂದಿನ ಸಂಜೆ. ಈರುಳ್ಳಿ ಮಾತ್ರ ಎರಡು ಮೂರು ವಾರ ಮುಂಚೆ ಕಿತ್ತು ನೆರಳಲ್ಲಿ ಗಾಳಿಗೆ ಒಣಗಿಸಿರ್ಬೇಕು, ಕುತ್ತಿಗೆ ಹಿಸುಕಿದ್ರೆ ಮೆತ್ತಗೆ ಸಿಕ್ತು ಅಂದ್ರೆ ಇನ್ನೂ ಆಗಿಲ್ಲ.

ಎಲ್ಲಾದ್ರಲ್ಲೂ ಬೇಕಾದ್ದಕ್ಕಿಂತ ಕಮ್ಮಿ ಅಂದ್ರೂ ಡಬಲ್ ಕೀಳಿ.

7. ಒಂದೊಂದನ್ನೂ ತಯಾರು ಮಾಡೋದು

ಮೊದ್ಲು ಒಂದು ಮಾತು. ಕೆಳಗಿನ ಲೆಕ್ಕ ಸಾಮಾನ್ಯವಾಗಿ ಇರೋದು, ನಿಮ್ಮ ಪುಸ್ತಕದಲ್ಲಿ ಬೇರೆ ಇದ್ರೆ ಪುಸ್ತಕವೇ ಸರಿ.

ಟೊಮೇಟೊ: ದೊಡ್ಡದು 5. ತೊಟ್ಟು ತೆಗೀರಿ, ಇಲ್ಲಾಂದ್ರೆ ಪಕ್ಕದ ಹಣ್ಣಿಗೆ ಚುಚ್ಚುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ತಿಕ್ಕಬೇಡಿ. ಒಂದೊಂದನ್ನೂ ತಕ್ಕಡಿಗೆ ಹಾಕಿ, ನಾನು ಐದರ ನಡುವೆ ಹತ್ತು ಹದಿನೈದು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಿಡಲ್ಲ. ಚೆರಿ ಟೊಮೇಟೊ ಹತ್ತೋ ಹನ್ನೆರಡೋ ಕೇಳ್ತಾರೆ, ತೊಟ್ಟಿನ ನಿಯಮ ಒಂದೊಂದು ಕಡೆ ಒಂದೊಂದು.

ಬೀನ್ಸ್: ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಪ್ಲೇಟ್ ಗೆಲ್ಲೋದು ಹೇಗೆ ಅಂತ ಕಣ್ಣಿಗೆ ಕಾಣೋದು ಬೀನ್ಸಲ್ಲೇ. 12 ಕೇಳ್ತಾರೆ ಅಂತ ಇಟ್ಕೊಳ್ಳಿ. ನಾನು ನಲವತ್ತು ಕಿತ್ತು ತಂದು ಅಡುಗೆಮನೆ ಕಟ್ಟೆ ಮೇಲೆ ಬಿಳೀ ಪಂಚೆ ಹಾಸಿ ಸಾಲಾಗಿ ಮಲಗಿಸ್ತೀನಿ, ತೊಟ್ಟು ಎಲ್ಲಾ ಒಂದೇ ಕಡೆ. ಮೊದ್ಲು ಬಾಲ ಮುರಿದಿದ್ದು ಆಚೆ, ಆ ಕೂದಲೆಳೆಯಂಥ ತುದಿ ಇರ್ಲೇಬೇಕು. ಆಮೇಲೆ ತೊಟ್ಟು ಕಿತ್ತು ಹೋಗಿರೋದು ಆಚೆ. ಆಮೇಲೆ ಒಳಗೆ ಬೀಜ ಉಬ್ಬಿ ಗಂಟು ಗಂಟು ಕಾಣೋದು, ಅದು ಬಲಿತಿದ್ದು. ಆಮೇಲೆ ಬಾಗಿರೋದು. ಇಷ್ಟಾದ್ಮೇಲೆ ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತು ಉಳಿಯುತ್ತೆ. ಆಗ ಸ್ಕೇಲ್ ಹಿಡಿದು ಐದೂವರೆ ಇಂಚಿನವು ಎಷ್ಟು ಅಂತ ಎಣಿಸೋದು. ಹತ್ತೇ ಇದ್ರೆ ಐದೂಮುಕ್ಕಾಲಿನ ಎರಡು ಸೇರಿಸ್ಬಾರ್ದು, ಬೇರೆ ಉದ್ದದ ಗುಂಪಲ್ಲಿ ಹನ್ನೆರಡು ಸಿಗುತ್ತಾ ನೋಡ್ಬೇಕು. ತುಂಬಾ ಉದ್ದದ ಚೆಂದದ ಒಂದು ಇರುತ್ತೆ, ಅದನ್ನ ಇಡೋಣ ಅಂತ ಕೈ ತುರಿಸುತ್ತೆ. ಅದು ಪಲ್ಯಕ್ಕೆ. ಕೊನೇಗೆ ಒದ್ದೆ ಪೇಪರ್ ಟವಲಲ್ಲಿ ಸುತ್ತಿ ಕವರಿಗೆ ಹಾಕಿ ಫ್ರಿಜ್ಜಲ್ಲಿ ಇಡಿ, ಬಾಡಿದ ಬೀನ್ಸ್ ಮುರಿದ್ರೆ ಟಕ್ ಅನ್ನಲ್ಲ, ಜಡ್ಜ್ ಮುರಿದೇ ನೋಡ್ತಾರೆ.

ಬದನೆ: ತೊಟ್ಟು ಒಂದಿಂಚು ಇಟ್ಟು ಕತ್ತರಿಸಿ, ಹಸಿರು ಟೋಪಿ ಹರಿದಿರ್ಬಾರ್ದು, ಬಾಡಿರ್ಬಾರ್ದು. ನೀರು ಮುಟ್ಟಿಸ್ಬೇಡಿ, ಒಣ ಪಂಚೆ ತುಂಡಲ್ಲಿ ಮೆಲ್ಲಗೆ ಒರೆಸಿದ್ರೆ ತಾನೇ ಹೊಳೆಯುತ್ತೆ. ಹೊಳಪು ಹೋಗಿ ಮಂಕಾಗಿದ್ರೆ ಕಾಯಿ ಬಲಿತು ಒಳಗೆ ಬೀಜ ಕಂದಾಗಿದೆ ಅಂತ ಅರ್ಥ. ನಮ್ಮತ್ತೆ ಇಲ್ಲಿಗೆ ಬಂದಿದ್ದ ವರ್ಷ ನಾನು ಮಲಗಿದ್ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದಾರೆ, ಫಳಫಳ ಅಂತಿತ್ತು, ನಂಗೆ ಗೊತ್ತಾಗ್ಲಿಲ್ಲ, ಕೊಟ್ಟು ಬಂದೆ. ಎಣ್ಣೆ, ಮೇಣ ಏನು ಸವರಿದ್ರೂ ಲೆಕ್ಕಕ್ಕಿಲ್ಲ, ಚೀಟಿ ಮೇಲೆ ಅದನ್ನೇ ಬರೆದಿದ್ರು. ಮನೆಗೆ ಬಂದು ಹೇಳಿದ್ರೆ ಅತ್ತೆ, "ಅಲ್ವೇ, ಬದನೆಕಾಯಿಗೆ ಎಣ್ಣೆ ಬೇಡ ಅಂದ್ರೆ ಎಣ್ಣೆಗಾಯಿ ಹೆಂಗ್ ಮಾಡ್ತಾರಂತೆ ಇವ್ರು?" ಅಂದ್ರು.

ಸೌತೆ: ಸಲಾಡ್ ಜಾತಿ ಆರರಿಂದ ಎಂಟು ಇಂಚು, ನೆಟ್ಟಗೆ, ಎರಡೂ ತುದಿ ಒಂದೇ ದಪ್ಪ, ಪೂರ್ತಿ ಹಸಿರು. ಸೊಂಟ ಸಣ್ಣಗಾಗಿದ್ರೆ ಪರಾಗ ಸರಿ ಸೇರಿಲ್ಲ ಅಂತ. ಉಪ್ಪಿನಕಾಯಿ ಸೌತೆ ಬೇರೆ ಕ್ಲಾಸು, ಇದು ಅದಕ್ಕೆ ಹೋಗಿ ಕೂತ್ರೆ ಹೊರಗೆ.

ಕ್ಯಾಪ್ಸಿಕಂ: ತೊಟ್ಟು ಇರ್ಲಿ, ಎಲ್ಲಾ ಒಂದೇ ಉದ್ದಕ್ಕೆ ಕತ್ತರಿಸಿ. ತಳ ತಿರುಗಿಸಿ ಉಬ್ಬು ಎಣಿಸಿ, ನಾಲ್ಕು ಉಬ್ಬಿನವು ಅಂದ್ರೆ ಎಲ್ಲಾ ನಾಲ್ಕು ಉಬ್ಬಿನವೇ. ಅರ್ಧ ಹಸಿರು ಅರ್ಧ ಕೆಂಪು ಇರೋದನ್ನ ಇಡ್ಬೇಡಿ.

ಈರುಳ್ಳಿ: ತೊಳೀಬೇಡಿ. ಮಣ್ಣು ಅಂಟಿದ ಹೊರಗಿನ ಸಿಪ್ಪೆ ಒಂದು ತೆಗೆದ್ರೆ ಸಾಕು, ಬೆಳ್ಳಗೆ ನುಣ್ಣಗೆ ಮಾಡಿ ಇಟ್ಟಿದ್ದು ಅಡುಗೆಗೆ ಸರಿ. ಬೇರು ಕಾಲಿಂಚಿಗೆ ಕತ್ತರಿಸಿ.

ಆಲೂಗಡ್ಡೆ: ಒಣ ಬ್ರಷ್ಷಲ್ಲಿ ಮಣ್ಣು ಉದುರಿಸಿ, ಉಜ್ಜಿದ್ರೆ ಸಿಪ್ಪೆ ಕಿತ್ತು ಬರುತ್ತೆ. ಹಸಿರು ಬಿದ್ದಿದ್ರೆ ಬೇಡ. ಕೆಜಿ ತೂಗೋ ದೈತ್ಯನೂ ಬೇಡ.

8. ಇವು ಕಂಡ್ರೆ ಆ ಪ್ಲೇಟ್ ಬಿಡಿ

ಟೊಮೇಟೊ ತೊಟ್ಟಿನ ಸುತ್ತ ಕೂದಲೆಳೆ ಸೀಳು. ಇವತ್ತು ಕಾಣೋದೇ ಕಷ್ಟ, ಕಾರಲ್ಲಿ ಹೋಗೋ ಅಷ್ಟ್ರಲ್ಲಿ ರಸ ಒಸರುತ್ತೆ, ನಾಳೆ ಹಣ್ಣುನೊಣ. ಮೆಣಸಿನಕಾಯಿ ತೊಟ್ಟಿನ ಬುಡ ಮೆತ್ತಗಿದ್ರೆ ಒಳಗೆ ಕೊಳೆತ ಶುರು. ಬೀನ್ಸ್ ಮೇಲೆ ತುಕ್ಕಿನ ಚುಕ್ಕಿ, ಸೌತೆ ಹೊಟ್ಟೆ ಕೆಳಗೆ ಹಳದಿ ಪಟ್ಟೆ. ಎಲೆ ಮಡಚಿನಲ್ಲಿ ಹುಳ ಇದ್ದು ಟೇಬಲ್ ಮೇಲೆ ಹರಿದಾಡಿದ್ರೆ ಪ್ಲೇಟ್ ಎತ್ತಿ ಆಚೆ ಇಡ್ತಾರೆ. ಮತ್ತೆ ಐದರಲ್ಲಿ ನಾಲ್ಕು ಅದ್ಭುತ, ಐದನೇದು "ಪರವಾಗಿಲ್ಲ" ಅಂತ ನಿಮಗೇ ಅನ್ನಿಸ್ತಿದ್ರೆ, ಜಡ್ಜ್ ನೋಡೋದು ಆ ಐದನೇದನ್ನೇ. ಅದರ ಬದ್ಲು ಕಮ್ಮಿ ಕಾಯಿ ಕೇಳೋ ಬೇರೆ ಕ್ಲಾಸಿಗೆ ಹೋಗಿ.

9. ಕಾರು, ಚೀಟಿ, ಪ್ಲೇಟು

ಟೊಮೇಟೊ ಮೊಟ್ಟೆ ಟ್ರೇಯಲ್ಲಿ, ಬದನೆ ಒಂದೊಂದನ್ನೂ ಟಿಶ್ಯೂನಲ್ಲಿ ಸುತ್ತಿ, ಡಿಕ್ಕಿಯಲ್ಲಿ ಅಲ್ಲ ಕಾರ್ ಒಳಗೆ ಏಸಿ ಹಾಕಿ. ಪ್ರತಿ ಪ್ಲೇಟಿಗೂ ಒಂದೆರಡು ಸ್ಪೇರ್ ಕಾಯಿ ಬೇರೆ ಡಬ್ಬೀಲಿ ಇರ್ಲಿ, ದಾರೀಲಿ ಒಂದಕ್ಕೆ ಗೀರು ಬಿದ್ದೇ ಬೀಳುತ್ತೆ.

ಚೀಟಿ ಹಿಂದಿನ ರಾತ್ರಿ ತುಂಬಿಸಿ: ವಿಭಾಗ, ಕ್ಲಾಸ್ ನಂಬರ್, ತಳಿ ಹೆಸ್ರು. ನಿಮ್ಮ ಹೆಸ್ರಿನ ಭಾಗ ಮಡಚಿ ಮುಚ್ಚೋಕೆ ಇರುತ್ತೆ, ಜಡ್ಜ್‌ಗೆ ಕಾಣ್ಬಾರ್ದು. ಅಲ್ಲಿ ಹೋಗಿ ಕ್ಯೂನಲ್ಲಿ ನಿಂತು ಮೊಣಕಾಲ ಮೇಲೆ ಬರೆಯೋಕೆ ಹೋದ್ರೆ ನಂಬರ್ ತಪ್ಪುತ್ತೆ. ಗಂಟೆ ಮೀರಿ ಹೋದ್ರೆ ತಗೊಳ್ಳಲ್ಲ, ಟ್ರಾಫಿಕ್ ಕಥೆ ಯಾರೂ ಕೇಳಲ್ಲ.

ಪ್ಲೇಟಲ್ಲಿ ಟೊಮೇಟೊ ತೊಟ್ಟಿನ ಕಡೆ ಕೆಳಗೆ, ಬೀನ್ಸ್ ಸಾಲಾಗಿ ತೊಟ್ಟು ಒಂದೇ ದಿಕ್ಕಿಗೆ. ಕೊತ್ತಂಬರಿ ಎಲೆ, ಹೂವು, ರಂಗೋಲಿ ಯಾವ್ದೂ ಬೇಡ. ಜೋಡಿಸಿದ್ಮೇಲೆ ಇನ್ನೊಂದ್ಸಲ ಎಣಿಸಿ, ಬೆರಳಿಟ್ಟು.

10. ರಿಬ್ಬನ್ ಓದೋದು

ಅಮೆರಿಕದಲ್ಲಿ ಬ್ಲೂ ಮೊದಲ್ನೇದು, ಕೆಂಪು ಎರಡನೇದು, ಬಿಳಿ ಮೂರನೇದು. ಕೆನಡಾದಲ್ಲಿರೋ ನಮ್ಮವ್ರಿಗೆ ಕೆಂಪೇ ಮೊದಲ್ನೇದು, ಗಾಬರಿ ಆಗ್ಬೇಡಿ. ಕೆಲವು ಫೇರ್‌ನಲ್ಲಿ ಒಂದು ಕ್ಲಾಸಿಗೆ ಒಂದೇ ಬ್ಲೂ, ಕೆಲವು ಕಡೆ ಡ್ಯಾನಿಶ್ ಪದ್ಧತಿ, ಅಲ್ಲಿ ಪಕ್ಕದವ್ರ ಜೊತೆ ಹೋಲಿಸಲ್ಲ, ಒಂದು ಮಟ್ಟ ಇಟ್ಕೊಂಡು ಅದನ್ನ ಮುಟ್ಟಿದ ಎಲ್ರಿಗೂ ಬ್ಲೂ ಕೊಡ್ತಾರೆ. ಆಮೇಲೆ ಬ್ಲೂಗಳ ನಡುವೆ ಚಾಂಪಿಯನ್ ಆರಿಸ್ತಾರೆ, ಅದಕ್ಕೆ ಸಾಮಾನ್ಯವಾಗಿ ನೇರಳೆ ರಿಬ್ಬನ್. ಹಂಗಾಗಿ "ನಂಗೂ ಬ್ಲೂ ಬಂತು" ಅನ್ನೋಕೆ ಮುಂಚೆ ನಿಮ್ಮ ಫೇರ್ ಯಾವ ಪದ್ಧತಿ ಅಂತ ಪುಸ್ತಕದಲ್ಲೇ ನೋಡಿ.

ಜನರ ಎದುರಿಗೇ ಜಡ್ಜ್ ಮಾಡೋ ಕಡೆ ಆದ್ರೆ ರಜೆ ಹಾಕಿಯಾದ್ರೂ ಹೋಗಿ ನಿಂತ್ಕೊಳ್ಳಿ, ಮಾತಾಡ್ಬೇಡಿ, ಕೇಳಿಸ್ಕೊಳ್ಳಿ. ನಂಗೆ ಮೂರು ವರ್ಷ ಓದಿ ಗೊತ್ತಾಗದ್ದು ಒಂದು ಮಧ್ಯಾಹ್ನ ಗೊತ್ತಾಯ್ತು, ಜಡ್ಜ್ ಆಯಮ್ಮ ನನ್ನ ಬೆಂಡೆಕಾಯಿ ತುದಿ ಮುರಿಯೋಕೆ ನೋಡಿದ್ರು, ಬಗ್ಗಿತೇ ಹೊರತು ಮುರೀಲಿಲ್ಲ, ಪಕ್ಕದವ್ರದ್ದು ಪಟ್ ಅಂತು, ಅಲ್ಲಿಗೆ ಮುಗೀತು. ಊರಲ್ಲಿ ಸಂತೆಯಲ್ಲಿ ನಾವೂ ಹಂಗೇ ತಾನೇ ಬೆಂಡೆಕಾಯಿ ಆರಿಸ್ತಿದ್ದಿದ್ದು.

ಚೀಟಿ ಹಿಂದೆ ಜಡ್ಜ್ ಏನಾದ್ರೂ ಬರೆದಿದ್ರೆ ಫೋಟೋ ತೆಗೆದಿಟ್ಕೊಳ್ಳಿ, ವಾಪಸ್ ತಗೊಳ್ಳೋ ದಿನ ಮರೀಬೇಡಿ, ಆ ದಿನ ದಾಟಿದ್ರೆ ರಿಬ್ಬನ್ನು ಚೀಟಿ ಎಲ್ಲಾ ಕಸಕ್ಕೆ ಹೋಗ್ಬಹುದು. ತರಕಾರಿ ಅಷ್ಟು ಹೊತ್ತಿಗೆ ಬಾಡಿ ಮುದುಡಿರುತ್ತೆ, ಸಾರಿಗೂ ಬರಲ್ಲ, ಸೀದಾ ಗೊಬ್ಬರದ ಗುಂಡಿಗೆ.